ಬಣ್ಣಕ್ಕೆ ಮೊದಲು ತಗಡು ನೋಡಿಸಿ, ಅಪ್ಪಾಜಿ

ಆಕ್ಸ್‌ಫರ್ಡ್, ಇಂಗ್ಲೆಂಡ್

ತೀರ್ಥರೂಪ ಅಪ್ಪಾಜಿಯವರಿಗೆ ನಿಮ್ಮ ಮಗಳ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಅವ್ವನ ಮೊಣಕಾಲು ನೋವು ಈಗ ಹೇಗಿದೆ? ಎಣ್ಣೆ ತಿಕ್ಕಿಸಿಕೊಂಡರೆ ಸಾಲದು, ವೈದ್ಯರು ಹೇಳಿದ ವ್ಯಾಯಾಮವನ್ನೂ ಮಾಡಲು ಹೇಳಿ.

ತನ್ನ ಮದುವೆಗೆ ಮೊದಲು ನಮ್ಮ ಅಂಬಾಸಿಡರಿಗೆ ಟಿಂಕರಿಂಗ್, ಪೇಂಟಿಂಗ್ ಮಾಡಿಸುತ್ತಿದ್ದೀರಿ ಎಂದು ತಮ್ಮ ಫೋನಿನಲ್ಲಿ ಹೇಳಿದ. ಗುಜರಿಯವರು ಎಷ್ಟು ಬಾರಿ ಬಂದು ಕೇಳಿದರೂ ನೀವು ಆ ಕಾರನ್ನು ಕೊಡಲಿಲ್ಲ. ಅದನ್ನು ನೆನೆದರೆ ನನಗೆ ಹೆಮ್ಮೆಯಾಗುತ್ತದೆ. ಆದರೆ ಪೇಂಟರ್ ಒಂದೇ ವಾರದಲ್ಲಿ ಮುಗಿಸಿಕೊಡುತ್ತಾರಂತೆ ಎಂಬ ಮಾತು ನನ್ನನ್ನು ಕಾಡುತ್ತಿದೆ. ಒಂದು ವಾರದಲ್ಲಿ ಆಗುವುದು ಪಟ್ಟಿ, ಅಂದರೆ ತಗ್ಗು ತುಂಬುವ ಲೇಪ, ಮೆತ್ತಿ, ಉಜ್ಜಿ, ಬಣ್ಣ ಹೊಡೆಯುವ ಕೆಲಸ ಮಾತ್ರ. ಒಳಗಿನ ತುಕ್ಕು ಇದ್ದಲ್ಲೇ ಇರುತ್ತದೆ.

ನಿಮ್ಮ ಅಳಿಯ ಮತ್ತು ನಾನು ಮನೆಯ ಗ್ಯಾರೇಜಿನಲ್ಲಿ ಬಿಚ್ಚಿಟ್ಟುಕೊಂಡಿರುವ ಕಾರು ನಿಮಗೆ ಗೊತ್ತೇ ಇದೆ: 1957ರ ಮಾರಿಸ್ ಆಕ್ಸ್‌ಫರ್ಡ್, ಮೂರನೆಯ ಸರಣಿ. ಇದೇ ಊರಿನ ಕೌಲಿ ಕಾರ್ಖಾನೆಯಲ್ಲಿ ತಯಾರಾದದ್ದು. ಈ ಮಾದರಿಯೇ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ಎಂಬ ಹೆಸರು ಪಡೆದು 2014ರವರೆಗೂ ತಯಾರಾಯಿತು. ಹಾಗಾಗಿ ಇದರ ತಗಡಿನ ಪ್ರತಿಯೊಂದು ಬಾಗೂ ನನಗೆ ಚಿಕ್ಕಂದಿನಿಂದ ಕೈಗೆ ಪರಿಚಯವಿದ್ದದ್ದೇ. ಬಾನೆಟ್ಟಿನ ಮೇಲಿನ ತಗ್ಗು, ಹಿಂದಿನ ಮಡ್‌ಗಾರ್ಡಿನ ಪುಟ್ಟ ಬಾಲ, ಗುಂಡನೆಯ ಛಾವಣಿ, ಎಲ್ಲವೂ ನಮ್ಮದರ ಹಾಗೆಯೇ. ತುಕ್ಕು ಹಿಡಿಯುವ ಜಾಗಗಳೂ ಅವೇ ಇರುತ್ತವೆ ಎಂಬ ಕಾರಣಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಇಲ್ಲಿ ಚಳಿಗಾಲದಲ್ಲಿ ಹಿಮಗಟ್ಟದಿರಲಿ ಎಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ತಗಡಿನ ಸಂದುಗಳಲ್ಲಿ ಕುಳಿತು ಕಾರನ್ನು ತಿನ್ನುತ್ತದೆ. ಕೊಪ್ಪಳದಲ್ಲಿ ಉಪ್ಪಿಲ್ಲ, ಮಳೆಯೂ ಕಡಿಮೆ. ಆದರೂ ನಮ್ಮ ಕಾರು ವರ್ಷಗಟ್ಟಲೆ ಬೇವಿನ ಮರದ ಕೆಳಗೆ ನಿಂತಿದೆ. ಕಿಟಕಿಯ ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿದ ನೀರು ಹೊರಹೋಗಲು ಬಾಗಿಲ ತಳದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಬೇವಿನ ಎಲೆ, ಗಿಣಿಗೇರಿಯ ಕಾರ್ಖಾನೆಗಳ ಕಡೆಯಿಂದ ಬರುವ ಕರಿ ಧೂಳು ಸೇರಿ ಅವು ಮುಚ್ಚಿಹೋದರೆ ಒಂದೇ ಮಳೆಯ ತೇವ ಎಷ್ಟೋ ದಿನ ಒಳಗೇ ಉಳಿಯುತ್ತದೆ. ನೆಲಕ್ಕೆ ಹಾಸಿದ ಮ್ಯಾಟಿನ ಅಡಿಯಲ್ಲೂ ಅಷ್ಟೇ.

ಲಾರಿಗೆ ಇರುವಂತೆ ಈ ಕಾರಿಗೆ ಬೇರೆ ಚಾಸಿಸ್ ಇಲ್ಲ ಎಂಬುದನ್ನು ಪೇಂಟರಿಗೂ ನೆನಪಿಸಿ. ನೆಲದ ತಗಡು, ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಾಕಾರದ ಸಿಲ್, ಬಾಗಿಲ ಕಂಬಗಳು, ಛಾವಣಿ ಎಲ್ಲ ಸೇರಿಯೇ ಭಾರ ಹೊರುತ್ತವೆ. ಸಿಲ್ ಕೊಳೆತಿದ್ದರೆ ಹೊರಗಿನ ಹೊಳಪಿನಿಂದ ಏನು ಪ್ರಯೋಜನ? ಅದರಲ್ಲಿ ಕೂರುವವರು ನೀವು, ಅವ್ವ, ನಾಳೆ ಬರುವ ಸೊಸೆ.

ಆದ್ದರಿಂದ ಮುಂಗಡ ಕೊಡುವ ಮೊದಲು ತಮ್ಮನಿಂದ ಇಷ್ಟು ಮಾಡಿಸಿ. ಸೀಟು, ಮ್ಯಾಟು ತೆಗೆಸಿ ಹಗಲು ಬೆಳಕಿನಲ್ಲಿ ನೆಲ ನೋಡಲಿ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮಡ್‌ಗಾರ್ಡ್ ಮತ್ತು ಬಾಗಿಲಿನ ಕೆಳಭಾಗಗಳ ಮೇಲೆ ಸರಿಸಲಿ. ಹಳೆಯ ಪಟ್ಟಿ ದಪ್ಪಗಿರುವಲ್ಲಿ ಅದು ಅಂಟುವುದಿಲ್ಲ. ಸಿಲ್ಲನ್ನು ಕೆಳಗಿನಿಂದ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಲಿ. ಡಾಂಬರು ಬಳಿದಿರುವ ಕಡೆ ನಂಬುವಂತಿಲ್ಲ, ಅದರ ಕೆಳಗೇ ತುಕ್ಕು ಅಡಗಿರುತ್ತದೆ, ಕೆರೆದೇ ನೋಡಬೇಕು. ಬಾಗಿಲು ತೆರೆದಾಗ ಕೆಳಕ್ಕೆ ಜೋತರೆ ಅದರ ಕೀಲು ಸವೆದಿರಬಹುದು, ಕಂಬವೇ ದುರ್ಬಲವಾಗಿರಲೂಬಹುದು.

ತೂತು ಸಿಕ್ಕರೆ ಅದರ ಮೇಲೆ ತೇಪೆ ಹಾಕಲು ಬಿಡಬೇಡಿ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತಗಡನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಯಬೇಕು. ಸಿಲ್ ಕತ್ತರಿಸುವುದಾದರೆ ಮೊದಲೇ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದು ಬಿಗಿಯಬೇಕು. ಇಲ್ಲದಿದ್ದರೆ ಕಾರಿನ ಮೈ ನಡುವೆ ಕುಸಿದು, ಆಮೇಲೆ ಬಾಗಿಲುಗಳು ಕೂಡುವುದೇ ಇಲ್ಲ. ಗ್ಯಾಸ್ ವೆಲ್ಡಿಂಗಿನ ಕಾವು ತಗಡಿನ ತುಂಬ ಹರಡಿ ಅದನ್ನು ಸೊಟ್ಟಗಾಗಿಸುತ್ತದೆ. ತಂತಿ ತಾನಾಗಿ ಬರುತ್ತ ವಿದ್ಯುತ್ತಿನಿಂದ ಬೆಸೆಯುವ ಮಿಗ್ ವೆಲ್ಡಿಂಗ್ ಇರುವವರು ಸಿಕ್ಕರೆ ಅವರಿಂದಲೇ ಮಾಡಿಸಿ. ಒಂದು ಚುಕ್ಕೆ ಇಲ್ಲಿ, ಇನ್ನೊಂದು ದೂರದಲ್ಲಿ ಇಟ್ಟು, ಆರಲು ಬಿಟ್ಟು, ಮತ್ತೆ ಬೆಸೆಯಬೇಕು. ಇಲ್ಲಿನ ಸಂಜೆ ತರಗತಿಯಲ್ಲಿ ನಾನು ಕಲಿತದ್ದರಲ್ಲಿ ಬಹುಪಾಲು ಈ ತಾಳ್ಮೆಯೇ. ಕೆಲಸಕ್ಕೆ ಮೊದಲು ಬ್ಯಾಟರಿ ತಂತಿ ಬಿಚ್ಚಿ, ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರ ಇರಿಸಬೇಕು.

ಪಟ್ಟಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಕಿನ್ನಾಳದ ಚಿತ್ರಗಾರರು ಗೊಂಬೆಗೆ ಬಣ್ಣ ಹಚ್ಚುವ ಮೊದಲು ಹುಣಸೆ ಬೀಜದ ಅಂಟು ಕಲಸಿದ ಕಿಟ್ಟ ಮೆತ್ತುವುದನ್ನು ನೀವೇ ನನಗೆ ತೋರಿಸಿದ್ದೀರಿ. ಕೆಳಗಿನ ಮರ ಗಟ್ಟಿಯಾಗಿ, ಒಣಗಿ ಇದ್ದರೆ ಮಾತ್ರ ಅವರು ಅದಕ್ಕೆ ಕೈ ಹಾಕುತ್ತಾರೆ. ತಗಡಿಗೂ ಹಾಗೆಯೇ. ಸುತ್ತಿಗೆಯಿಂದ, ತಗಡಿನ ಇನ್ನೊಂದು ಬದಿಗೆ ಆನಿಸಿ ಹಿಡಿಯುವ ಡಾಲಿ ಎಂಬ ಕಬ್ಬಿಣದ ಗಟ್ಟಿಯಿಂದ ತಗ್ಗನ್ನು ಆದಷ್ಟು ಎತ್ತಿ, ಎಪಾಕ್ಸಿ ಪ್ರೈಮರ್ ಎಂಬ ತುಕ್ಕು ತಡೆಯುವ ತಳಬಣ್ಣ ಹೊಡೆದ ಮೇಲೆ ಎರಡು ಮೂರು ಮಿಲಿಮೀಟರಿಗಿಂತ ದಪ್ಪವಾಗದಂತೆ ಪಟ್ಟಿ ಎಳೆದರೆ ಸಾಕು. ಪಟ್ಟಿ ತೇವ ಹೀರುತ್ತದೆ. ಬರಿಯ ಪಟ್ಟಿಯನ್ನು ಬಿಸಿಲು ಮಳೆಗೆ ಬಿಟ್ಟು ದಿನ ದೂಡಬಾರದು. ಬೆಸೆದ ಕಡೆಗಳಿಗೆ ಒಳಗಿನಿಂದ ಮೇಣದಂಥ ತುಕ್ಕುನಿರೋಧಕವನ್ನೂ ಸಿಂಪಡಿಸಬೇಕು, ಆದರೆ ಬಾಗಿಲ ರಂಧ್ರಗಳು ತೆರೆದೇ ಇರಲಿ.

ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸದೆ, ನೀರು ಹಾಕಿ ಉಜ್ಜಿಸಿ, ಕೂಡಲೇ ಒರೆಸಿ ಒಣಗಿಸಲಿ. ಈಗಿನ ಗಟ್ಟಿಕಾರಕ ಬೆರೆಸುವ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಮೂಗಿಗೆ ಕಟ್ಟಿದ ಟವೆಲಿನಿಂದ ತಡೆಯಲಾಗುವುದಿಲ್ಲ. ಆ ಬಣ್ಣವನ್ನು ನಮ್ಮ ಅಂಗಳದಲ್ಲಿ ಹೊಡೆಯುವುದು ಖಂಡಿತ ಬೇಡ. ನಾವೂ ತಗಡಿನ ಕೆಲಸವನ್ನಷ್ಟೇ ಮನೆಯಲ್ಲಿ ಮಾಡುತ್ತೇವೆ. ಕೊನೆಯ ಬಣ್ಣಕ್ಕೆ ಶುದ್ಧ ಗಾಳಿಯ ಮುಖವಾಡ ಇರುವ ಅಂಗಡಿಗೆ ಕೊಡುತ್ತೇವೆ.

ತಮ್ಮನಿಗೆ ಕೆಂಪು ಬಣ್ಣ ಬೇಕಂತೆ. ಆರ್‌ಸಿಯಲ್ಲಿ ಬಣ್ಣವೂ ನಮೂದಾಗಿರುತ್ತದೆ, ಬದಲಿಸಿದರೆ ಅದನ್ನೂ ತಿದ್ದಿಸಬೇಕು. ಬಿಳಿಯೇ ಇರಲಿ ಎಂಬುದು ನನ್ನ ಆಸೆ, ಆದರೆ ಅವನ ಮದುವೆ, ಅವನ ಇಷ್ಟ. ಚಾಸಿಸ್ ಸಂಖ್ಯೆಯ ಮೇಲೆ ಮಾತ್ರ ಯಾರೂ ಗ್ರೈಂಡರ್ ಆಡಿಸದಂತೆ ನೀವೇ ನಿಂತು ನೋಡಿಕೊಳ್ಳಿ.

ಸಿಲ್ ಕೆಟ್ಟಿದ್ದರೆ ಮದುವೆಗೆ ಬೇರೆ ಕಾರು ಹೇಳಿ, ಅಪ್ಪಾಜಿ. ಗವಿಮಠದ ಜಾತ್ರೆಗೆ ನಾವು ಬರುವವರೆಗೂ ಅದು ಬಿಚ್ಚಿದ ಸ್ಥಿತಿಯಲ್ಲೇ ಇದ್ದರೂ ನನಗೆ ಬೇಸರವಿಲ್ಲ; ಬಂದಾಗ ನಾನೇ ವೆಲ್ಡಿಂಗಿಗೆ ಕೂರುತ್ತೇನೆ. ಮ್ಯಾಟ್ ಎತ್ತಿದ ನೆಲದ್ದು, ಎರಡೂ ಕಡೆಯ ಸಿಲ್ಲುಗಳದ್ದು, ಡಿಕ್ಕಿಯ ತಳದ್ದು ಫೋಟೋ ತೆಗೆದು ಈ ಭಾನುವಾರದೊಳಗೆ ಕಳುಹಿಸಲು ತಮ್ಮನಿಗೆ ಹೇಳಿ. ನೋಡಿ ಅಂದೇ ಫೋನ್ ಮಾಡುತ್ತೇನೆ. ಅಲ್ಲಿಯವರೆಗೆ ಪೇಂಟರಿಗೆ ಮುಂಗಡ ಕೊಡಬೇಡಿ.

ಅವ್ವನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ನಿಮ್ಮ ಪ್ರೀತಿಯ ಮಗಳು