ವಿಷಯ: ಎಂಜಿನ್ ನಿಂತ ಮೇಲೂ ನಿಲ್ಲದ ಫ್ಯುಯೆಲ್ ಪಂಪ್

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮ್ಮದು 1984ರ ಪ್ರೀಮಿಯರ್ ಪದ್ಮಿನಿ. ಕಾಸರಗೋಡು ಜಿಲ್ಲೆ ಆದ ವರ್ಷವೇ ಅಪ್ಪ ಕೊಂಡ ಕಾರು. ಎಂಜಿನ್ನಿನ ಬದಿಯಲ್ಲಿದ್ದ ಹಳೆ ಪಂಪಿನ ಡಯಾಫ್ರಾಮ್ (ಒಳಗಿನ ರಬ್ಬರ್ ಪೊರೆ) ಎರಡು ಸಲ ಹರಿದಿತ್ತು. ಅದಕ್ಕೇ ಮಂಗಳೂರಿನ ನಿಮ್ಮ ಅಂಗಡಿಗೆ ತಂದು ಎಲೆಕ್ಟ್ರಿಕ್ ಪಂಪ್ ಹಾಕಿಸಿದೆ. ಫಿಟ್ಟಿಂಗ್ ಸೇರಿ 6,800 ರೂಪಾಯಿ ಕೊಟ್ಟಿದ್ದೇನೆ.

ಹತ್ತು ದಿನ ಕಾರು ಚೆನ್ನಾಗಿಯೇ ಓಡಿತು. ಹನ್ನೊಂದನೇ ದಿನ ಅಮ್ಮನನ್ನು ಕೂರಿಸಿಕೊಂಡು ಮಧೂರಿಗೆ ಹೊರಟಿದ್ದೆ. ಮಾಯಿಪ್ಪಾಡಿ ಹತ್ತಿರ ಏರಿನಲ್ಲಿ ಎಂಜಿನ್ ನಿಂತಿತು. ಕೀ ಹಾಗೇ ಆನ್ ಇತ್ತು. ಹಿಂದಿನಿಂದ ಬಸ್ಸಿನವ ಹಾರ್ನ್ ಹೊಡೆಯುತ್ತಿದ್ದ, ನಾನು ಅವನಿಗೆ ಕೈ ಬೀಸಿ ದಾರಿ ಕೊಡುವುದರಲ್ಲಿದ್ದೆ. "ಪೆಟ್ರೋಲ್ ವಾಸನೆ ಬರ್ತಾ ಇದೆಯಲ್ಲ" ಎಂದದ್ದು ಅಮ್ಮ. ಆಗಲೇ ನನಗೆ ಟಕ ಟಕ ಸದ್ದು ಕೇಳಿದ್ದು. ಎಂಜಿನ್ ಸತ್ತಿದೆ, ಪಂಪ್ ಮಾತ್ರ ಬದುಕಿದೆ! ಕೀ ತಿರುಗಿಸಿ ಬಾನೆಟ್ ಎತ್ತಿದರೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಉಕ್ಕಿ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಹನಿಯುತ್ತಿತ್ತು. ಬೆಂಕಿ ಹತ್ತಲಿಲ್ಲ. ಅಮ್ಮ ಅದನ್ನು ಮಧೂರು ಗಣಪತಿಯ ಲೆಕ್ಕಕ್ಕೆ ಹಾಕಿದ್ದಾರೆ. ನಿಮ್ಮ ಲೆಕ್ಕಕ್ಕಂತೂ ಹಾಕಲು ಆಗುವುದಿಲ್ಲ.

ಬದಿಯಡ್ಕದ ಮೆಕ್ಯಾನಿಕ್ ಎಲ್ಲ ಬಿಚ್ಚಿ ತೋರಿಸಿದರು. ಪಂಪಿನ ವಯರನ್ನು ನೇರ, ಕೀ ಆನ್ ಇದ್ದಷ್ಟು ಹೊತ್ತೂ ಕರೆಂಟ್ ಇರುವ ಇಗ್ನಿಷನ್ ಕಾಯಿಲಿನ ತುದಿಗೆ ಸುತ್ತಿ, ಮೇಲೆ ಟೇಪ್ ಅಂಟಿಸಿದ್ದೀರಿ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಇಲ್ಲ. ಆ ಲೈನಿನಲ್ಲಿ ಫ್ಯೂಸೂ ಇಲ್ಲ. ಬಾಡಿಯ ತೂತಿನಲ್ಲಿ ವಯರ್ ದಾಟುವ ಕಡೆ ಒಂದು ರಬ್ಬರ್ ಗ್ರಾಮೆಟ್ ಕೂಡ ಇಲ್ಲದೆ, ತಗಡಿನ ಅಂಚು ತಾಗಿ ತಾಮ್ರ ಕಾಣುತ್ತಿತ್ತು. ಹತ್ತೇ ದಿನಕ್ಕೆ! ಆ ತಾಮ್ರ ತಗಡಿಗೆ ಪೂರ್ತಿ ತಾಗಿದ್ದರೆ ವಯರ್ ಉದ್ದಕ್ಕೂ ಕೆಂಪಾಗಿ ಕಾಯುತ್ತಿತ್ತು, ಅದೂ ಪೆಟ್ರೋಲ್ ಪೈಪಿನ ಪಕ್ಕದಲ್ಲೇ.

ನಿಮ್ಮವರಿಗೆ ಫೋನ್ ಮಾಡಿದರೆ ಸಿಕ್ಕಿದ ಉತ್ತರ: "ಪಂಪ್ ಕೆಲಸ ಮಾಡ್ತಾ ಇದೆಯಲ್ಲ ಸಾರ್, ಮತ್ತೇನು ಕಂಪ್ಲೇಂಟ್?" ನಿಲ್ಲಬೇಕಾದಾಗ ನಿಲ್ಲಲಿಲ್ಲ, ಅದೇ ಕಂಪ್ಲೇಂಟ್. ಹಳೆ ಪಂಪನ್ನು ನಡೆಸುವುದು ಎಂಜಿನ್ನಿನೊಳಗೆ ತಿರುಗುವ ಕ್ಯಾಮ್‌ಶಾಫ್ಟ್. ಎಂಜಿನ್ ನಿಂತರೆ ತಾನಾಗಿಯೇ ಅದೂ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪಿಗೆ ಎಂಜಿನ್ ಓಡುತ್ತಿದೆಯೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಗೊತ್ತಾಗುವ ಹಾಗೆ ವಯರಿಂಗ್ ಮಾಡುವುದು ಹಾಕುವವರ ಕೆಲಸ, ಅಲ್ವಾ? ನಾಳೆ ಕಾರು ಎಲ್ಲಾದರೂ ಗುದ್ದಿ ಪೈಪ್ ಹರಿದರೆ, ಕೀ ಆನ್ ಇರುವಷ್ಟು ಹೊತ್ತೂ ಅದು ರಸ್ತೆಗೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಹಾಗಾಗಿ ನಾನು ಕೇಳುವುದು ಇಷ್ಟು. ಬ್ಯಾಟರಿಯಿಂದ ಬೇರೆಯೇ ಲೈನ್ ಎಳೆದು, ಬ್ಯಾಟರಿಗೆ ಹತ್ತಿರದಲ್ಲೇ ಫ್ಯೂಸ್ ಹಾಕಿ. ದೂರ ಹಾಕಿದರೆ ಅಲ್ಲಿವರೆಗಿನ ವಯರಿಗೆ ಕಾವಲು ಇಲ್ಲ. ಪಂಪಿಗೆ ಕರೆಂಟ್ ರಿಲೇ ಮೂಲಕ ಹೋಗಲಿ, ಕೀ ರಿಲೇಯನ್ನು ಎಬ್ಬಿಸಿದರೆ ಸಾಕು. ಆಯಿಲ್ ಪ್ರೆಷರ್ ಇರುವುದು ಎಂಜಿನ್ ಓಡುವಾಗ ಮಾತ್ರ, ಅದಕ್ಕೇ ರಿಲೇಯ ಲೈನಿನಲ್ಲಿ ಆಯಿಲ್ ಪ್ರೆಷರ್ ಸ್ವಿಚ್ ಬೇಕು. ನಿಮ್ಮ ಹುಡುಗ ಫೋನಿನಲ್ಲಿ "ಆಯಿಲ್ ಲೈಟಿನ ಸ್ವಿಚ್ಚಿಗೇ ಕೊಡ್ತೇನೆ" ಎಂದ. ದಯವಿಟ್ಟು ಬೇಡ. ಅದು ಉಲ್ಟಾ, ಪ್ರೆಷರ್ ಇಲ್ಲದಾಗ ಆನ್ ಆಗುವಂಥದ್ದು. ನನಗೆ ಬೇಕಾದದ್ದು ಪ್ರೆಷರ್ ಬಂದಾಗ ಆನ್ ಆಗಿ, ಹೋದಾಗ ಕಡಿಯುವ ಮೂರು ಟರ್ಮಿನಲ್ಲಿನ ಸ್ವಿಚ್. ಸ್ಟಾರ್ಟ್ ಮಾಡುವಾಗ ಪ್ರೆಷರ್ ಇನ್ನೂ ಬಂದಿರುವುದಿಲ್ಲ. ಆಗ ಸ್ಟಾರ್ಟರ್ ಕಡೆಯಿಂದ ಕರೆಂಟ್ ಸಿಗಲಿ ಎಂದೇ ಅದರಲ್ಲಿ ಮೂರನೆಯದು. ಜೊತೆಗೆ ಗುದ್ದಿದರೆ ಲೈನ್ ಕಡಿಯುವ ಇನರ್ಷಿಯಾ ಸ್ವಿಚ್ಚನ್ನೂ ಹಾಕಿ, ಅದರ ದುಡ್ಡು ಬೇಕಾದರೆ ನಾನೇ ಕೊಡುತ್ತೇನೆ. ಅರ್ತ್ ವಯರನ್ನು ಪೇಂಟ್ ಕೆರೆದು ಬರಿ ತಗಡಿಗೆ ಬಿಗಿಯಬೇಕು.

ಇನ್ನು ಪಂಪಿನ ಮಾತು. ಡಬ್ಬಿಯ ಮೇಲೆ ಪೆಟ್ರೋಲ್ ತಳ್ಳುವ ಒತ್ತಡ 5ರಿಂದ 7 ಪಿಎಸ್‌ಐ ಎಂದಿದೆ. ಹಳೆ ಕಾರ್ಬುರೇಟರಿಗೆ ಸುಮಾರು 3 ಸಾಕು. ಜಾಸ್ತಿ ಒತ್ತಿದರೆ ಅದರ ಬಾಯಿ ಮುಚ್ಚುವ ನೀಡಲ್ ವಾಲ್ವ್ ತಡೆಯುವುದಿಲ್ಲ, ಮಾಯಿಪ್ಪಾಡಿಯಲ್ಲಿ ಉಕ್ಕಿದ್ದು ಅದಕ್ಕೇ. ಒತ್ತಡ ಇಳಿಸುವ ರೆಗ್ಯುಲೇಟರ್ ಕೊಡಿ, ಇಲ್ಲವೇ ಪಂಪನ್ನೇ ಬದಲಿಸಿ.

15 ದಿನದೊಳಗೆ ಇದನ್ನು ಸರಿಮಾಡಿ ಕೊಡಿ, ಇಲ್ಲವೇ ಪೂರ್ತಿ ಹಣ ವಾಪಸ್ ಕೊಡಿ. ಇದೇ ರೀತಿ ನೀವು ಪಂಪ್ ಹಾಕಿಕೊಟ್ಟ ಬೇರೆ ಕಾರುಗಳವರಿಗೂ ಫೋನ್ ಮಾಡಿ ತಿಳಿಸಿ. ನನಗೆ ಇದೇ ಹೆಚ್ಚು ಮುಖ್ಯ. "ಕೇಸಿದ್ದರೆ ಮಂಗಳೂರಿಗೆ ಬನ್ನಿ" ಎಂದು ನಿಮ್ಮ ಕೌಂಟರಿನಲ್ಲಿ ಹೇಳಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾಸರಗೋಡಿಗೆ ನೀವೇ ಬರಬೇಕಾಗುತ್ತದೆ.

ಬಿಲ್ಲಿನ ಪ್ರತಿ ಮತ್ತು ಆರು ಫೋಟೋ ಇದರೊಂದಿಗೆ ಇವೆ. ತಾಮ್ರ ಕಂಡ ಆ ವಯರ್ ತುಂಡು ನನ್ನ ಬಳಿಯೇ ಇದೆ, ಕಳಿಸುವುದಿಲ್ಲ. ಕಾರು ಬ್ಯಾಟರಿ ಟರ್ಮಿನಲ್ ಬಿಚ್ಚಿ ಶೆಡ್ಡಿನಲ್ಲಿ ನಿಂತಿದೆ. ನೀವು ಬರುವ ದಿನ ಮೊದಲೇ ತಿಳಿಸಿ.

ಇತಿ,
ನಿಮ್ಮ ಗ್ರಾಹಕ
ನೀರ್ಚಾಲು, ಕಾಸರಗೋಡು ಜಿಲ್ಲೆ