‘ಗದರು’ ಬಳಸುವಾಗ ಗಮನಿಸಿ

ಸದಸ್ಯರೇ, ಅನುವಾದದ ಕರಡುಗಳಲ್ಲಿ ಸಣ್ಣ ಆಕ್ಷೇಪಕ್ಕೂ ‘ಛೀಮಾರಿ’ ಬರುತ್ತಿದೆ. ದಯವಿಟ್ಟು ಬೇಡ, ಅಲ್ಲಿ ‘ಗದರು’ ಸಾಕು. ಛೀಮಾರಿಯಲ್ಲಿ ‘ಛೀ’ ಎನ್ನುವ ತಿರಸ್ಕಾರವಿದೆ, ಅದನ್ನು ‘ಹಾಕುತ್ತಾರೆ’. ಗದರುವುದರಲ್ಲಿ ತಿರಸ್ಕಾರವಿಲ್ಲ: ದನಿ ಏರುತ್ತದೆ, ಒಂದೆರಡು ಮಾತಿಗೇ ಮುಗಿಯುತ್ತದೆ, ಬೈಗುಳ ಇರುವುದಿಲ್ಲ. “ಬಿಸಿಲಲ್ಲಿ ಆಡಬೇಡ ಅಂತ ಅಜ್ಜಿ ಗದರಿದಳು” ಎಂದಾಗ ಅಕ್ಕರೆಯೂ ಕೇಳಿಸುತ್ತದೆ. ‘ಬೈದಳು’ ಎಂದರೆ ಆ ಅಕ್ಕರೆ ತೆಳುವಾಗುತ್ತದೆ.

‘ಗದರಿಸು’ ಸ್ವಲ್ಪ ಬಿರುಸು, ಹೆದರಿಸುವ ಛಾಯೆಯೂ ಉಂಟು: ನಾಯಿಯನ್ನು ಗದರಿಸಿ ಓಡಿಸುತ್ತೇವೆ. ನಾಮಪದ ‘ಗದರಿಕೆ’. ಹಳೆಯ ತಪ್ಪು ನೆನಪಿಸಿ ಚುಚ್ಚಿದರೆ ಅದು ‘ಮೂದಲಿಕೆ’, ಗದರಿಕೆಯಲ್ಲ.

‘ಗದರಿಸಲ್ಪಟ್ಟನು’ ಎಂದು ಬರೆಯಬೇಡಿ, ಕಿವಿಗೆ ಒರಟು. ‘ಅಪ್ಪನಿಂದ ಗದರಿಸಿಕೊಂಡ’ ಸಾಕು. ಕಚೇರಿ ಪತ್ರವಾದರೆ ‘ಎಚ್ಚರಿಕೆ ನೀಡಲಾಗಿದೆ’ ಎಂದೇ ಇರಲಿ; ಗದರುವುದು ಬಾಯಿಮಾತಿನ ಕೆಲಸ.