‘ಮರೆತುಬಿಡು’ ಎನ್ನುವುದು ಮದ್ದಲ್ಲ

ಮಾನ್ಯ ಸಂಪಾದಕರೆ,

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಸತ್ತವರ ಲೆಕ್ಕ ಎಲ್ಲ ಪತ್ರಿಕೆಗಳಲ್ಲೂ ಬಂತು, ಬರಬೇಕಾದ್ದೇ. ಆದರೆ ಅಂಥ ನೂಕುನುಗ್ಗಲಲ್ಲಿ ಉಸಿರುಕಟ್ಟಿ ಬಿದ್ದು, ಹೇಗೋ ಎದ್ದು ಮನೆ ಸೇರಿದವರೊಬ್ಬರು ತಿಂಗಳುಗಳಾದರೂ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಲಾಗದೆ ಹಿಂತಿರುಗುತ್ತಿದ್ದರೆ, ಅದನ್ನು ಯಾರೂ ಗಾಯವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಜೀವ ಉಳೀತಲ್ಲ, ಮರೆತುಬಿಡು’ ಎನ್ನುತ್ತಾರೆ ಮನೆಯವರು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಪಿಟಿಎಸ್‌ಡಿ (ಆಘಾತದ ನಂತರ ಕಾಡುತ್ತಲೇ ಉಳಿಯುವ ಮಾನಸಿಕ ಕಾಯಿಲೆ) ಬೇರೂರುವುದೇ ಹೀಗೆ ನೆನಪಿನಿಂದ ತಪ್ಪಿಸಿಕೊಳ್ಳುತ್ತ ಹೋಗುವುದರಿಂದ.

ಬಸ್ ನಿಲ್ದಾಣದಿಂದ ಹಿಂದಿರುಗಿದ ಎರಡೇ ನಿಮಿಷದಲ್ಲಿ ಎದೆಬಡಿತ ಇಳಿಯುತ್ತದೆ. ‘ಓಡಿ ಬಂದದ್ದರಿಂದ ಬದುಕಿದೆ’ ಎಂದು ಮೆದುಳು ಕಲಿಯುತ್ತದೆ. ಮರುದಿನ ನಿಲ್ದಾಣದ ನೆನಪಾದರೆ ಸಾಕು, ಬೆವರುತ್ತದೆ.

ಮೊದಲ ಒಂದು ತಿಂಗಳು ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ನಿದ್ದೆಗೇಡು ಸಹಜ. ಬಹಳಷ್ಟು ಜನ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆಗ ಬಲವಂತವಾಗಿ ಕೂರಿಸಿ ‘ಏನಾಯ್ತು ಹೇಳು’ ಎಂದು ಕೆದಕಬಾರದು. ಆ ಹಂತದಲ್ಲಿ ಡಯಾಜೆಪಾಮ್, ಆಲ್ಪ್ರಜೋಲಾಮ್ ಜಾತಿಯ, ಆತಂಕ ತಗ್ಗಿಸಿ ನಿದ್ದೆ ಬರಿಸುವ ಮಾತ್ರೆಗಳನ್ನು ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಈಗಾಗಲೇ ನುಂಗುತ್ತಿರುವವರು ಮಾತ್ರ ತಟ್ಟನೆ ನಿಲ್ಲಿಸದೆ ವೈದ್ಯರನ್ನು ಕೇಳಿಯೇ ಇಳಿಸಿಕೊಳ್ಳಬೇಕು. ತಿಂಗಳು ದಾಟಿಯೂ ಕಾಟ ಹೋಗದೆ ಕೆಲಸ, ಸಂಸಾರ ಕೆಡುತ್ತಿದ್ದರೆ ತೋರಿಸಿಕೊಳ್ಳಲೇಬೇಕು.

ಥೆರಪಿ ಎಂದರೆ ಸಮಾಧಾನದ ಮಾತು ಎಂಬ ಕಲ್ಪನೆ ನಮ್ಮಲ್ಲಿದೆ. ಹಾಗಲ್ಲ. ಒಂದೇ ಘಟನೆಯ ಆಘಾತಕ್ಕೆ ಸಾಮಾನ್ಯವಾಗಿ 8ರಿಂದ 12 ಸೆಷನ್ ಹಿಡಿಯುತ್ತದೆ. ವರ್ಷಗಟ್ಟಲೆ ಹೊಡೆತ, ದೌರ್ಜನ್ಯ ಉಂಡವರಿಗೆ ಇನ್ನೂ ಹೆಚ್ಚು. ಒಂದೊಂದು ಸೆಷನ್ 60ರಿಂದ 90 ನಿಮಿಷ. ಒಂದು ಪದ್ಧತಿಯಲ್ಲಿ ಮೊದಲೆರಡು ಭೇಟಿಯ ನಂತರ ಕಣ್ಣುಮುಚ್ಚಿ ಆ ಘಟನೆಯನ್ನು ವರ್ತಮಾನದಲ್ಲೇ ಹೇಳಿಸುತ್ತಾರೆ. ‘ಲಾರಿ ಬಂತು’ ಅಲ್ಲ, ‘ಲಾರಿ ಬರ್ತಾ ಇದೆ, ಬ್ರೇಕ್ ಹಿಡೀತಿದೀನಿ, ಹಿಡೀತಿಲ್ಲ.’ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನಾ ಕೇಳಬೇಕು. ಹೇಳಿ ಹೇಳಿ, ಕೇಳಿ ಕೇಳಿ, ಅದು ಮುಗಿದುಹೋದ ಸಂಗತಿ ಎಂದು ಮೈಗೂ ಗೊತ್ತಾಗುತ್ತದೆ.

ಜೊತೆಗೆ ಭಯದ ಮೆಟ್ಟಿಲು ಬರೆಸುತ್ತಾರೆ, ಸೊನ್ನೆಯಿಂದ 100ರವರೆಗೆ ಅಂಕ ಕೊಟ್ಟು. ಸ್ಕೂಟರ್ ಅಪಘಾತವಾದವರಿಗೆ ನಿಂತ ಗಾಡಿಯ ಮೇಲೆ ಕೂರುವುದು 30, ಬಡಾವಣೆಯ ರಸ್ತೆಯಲ್ಲಿ ಹಿಂದೆ ಕೂತು ಹೋಗುವುದು 50, ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ದಾಟುವುದು 90 ಎಂದಿರಬಹುದು. ಮಧ್ಯದಿಂದ ಶುರುಮಾಡಿ, ಭಯ ಅರ್ಧಕ್ಕಾದರೂ ಇಳಿಯುವ ತನಕ ಅಲ್ಲೇ ಇರಬೇಕು. ಮುಕ್ಕಾಲು ಗಂಟೆ ಬೇಕಾದೀತು. ಭಯ ನೆತ್ತಿಗೇರಿದಾಗಲೇ ಎದ್ದು ಬಂದರೆ ಹಳೆಯ ಪಾಠವೇ ಗಟ್ಟಿಯಾಗುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೋ, ಅಣ್ಣನ ಕೈ ಹಿಡಿದುಕೊಂಡೋ, ಒಂದು ಪೆಗ್ ಹಾಕಿಯೋ ಹೋದರೆ ಮೆಟ್ಟಿಲು ಹತ್ತಿದ ಲೆಕ್ಕವಿಲ್ಲ.

ಚಿಕಿತ್ಸೆ ಕೆಡುವುದು ಹೆಚ್ಚಾಗಿ ಮೂರನೆಯ, ನಾಲ್ಕನೆಯ ವಾರದಲ್ಲಿ. ನೆನಪು ತೆರೆದಾಗ ಕೆಲವರಿಗೆ ಕನಸುಗಳು ಕೆಲ ದಿನ ಜಾಸ್ತಿಯಾಗುತ್ತವೆ. ‘ಹೋದ ಮೇಲೇ ಹೆಚ್ಚಾಯ್ತು, ಬೇಡ ಬಿಡು’ ಎಂದು ಮನೆಯವರು ನಿಲ್ಲಿಸುವುದು ಆಗಲೇ. ನಿಲ್ಲಿಸುವ ಮುನ್ನ ಥೆರಪಿಸ್ಟ್‌ಗೆ ಒಂದು ಮಾತು ಹೇಳಿ, ವೇಗ ಇಳಿಸಬಹುದು. ಸಾಯುವ ಯೋಚನೆ ಬಂದರೆ ಮಾತ್ರ ಕಾಯದೆ ಆ ದಿನವೇ ತಿಳಿಸಬೇಕು. ಖಿನ್ನತೆ, ಆತಂಕಕ್ಕೆ ಕೊಡುವ ಸರ್ಟ್ರಾಲಿನ್‌ನಂಥ ಮಾತ್ರೆ ಬರೆದುಕೊಟ್ಟಿದ್ದರೂ ಆತುರಪಡಬಾರದು, ಗುಣ ಕಾಣಲು ನಾಲ್ಕಾರು ವಾರ ಬೇಕು. ಹತ್ತು ದಿನಕ್ಕೆ ‘ಕೆಲಸ ಮಾಡ್ತಿಲ್ಲ’ ಎಂದು ಎಸೆಯಬಾರದು.

ಇಂಗ್ಲಿಷಿನಲ್ಲೇ ನಡೆಯುವ ಥೆರಪಿ ಈ ಊರಿನಲ್ಲಿ ಬೇಕಾದಷ್ಟಿದೆ. ಭಯಪಟ್ಟದ್ದು, ಕೂಗಿದ್ದು ಕನ್ನಡದಲ್ಲಾದರೆ ಹೇಳುವುದೂ ಕನ್ನಡದಲ್ಲೇ ಆಗಬೇಕು. ಇಲ್ಲವಾದರೆ ಬೇರೆ ಯಾರದೋ ಸುದ್ದಿ ಓದಿದ ಹಾಗಿರುತ್ತದೆ. ಮೊದಲ ಭೇಟಿಯಲ್ಲೇ ಸಂಕೋಚಪಡದೆ ಕೇಳಿ: ಕನ್ನಡದಲ್ಲಿ ಮಾಡುತ್ತೀರಾ, ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಇದೆಯೇ, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ನೋಂದಣಿ ಸಂಖ್ಯೆ ಏನು? ಎಲ್ಲಿಂದ ಶುರುಮಾಡುವುದೆಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು; ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ನಿಮ್ಹಾನ್ಸ್‌ನ ಹೊರರೋಗಿ ವಿಭಾಗವೂ ಇದೆ. ಅಪಘಾತ, ಬೆಂಕಿ, ಕಾಲ್ತುಳಿತದ ಪ್ರತಿ ವರದಿಯ ಕೆಳಗೆ ತಮ್ಮ ಪತ್ರಿಕೆ ಆ ಐದು ಅಂಕಿಗಳನ್ನು ಅಚ್ಚುಹಾಕಬೇಕೆಂದು ಕೋರುತ್ತೇವೆ.

ಮನೆಯವರಿಗೆ ಇನ್ನೊಂದು ಮಾತು. ಸೆಷನ್ ಇರುವ ದಿನ ಸಂಜೆ ಬೇರೆ ಕೆಲಸ ಹೇಳಬೇಡಿ, ನೈಟ್ ಶಿಫ್ಟ್ ಇದ್ದರೆ ರಜೆ ಹಾಕಿಸಿ. ಬಾಗಿಲಲ್ಲೇ ನಿಲ್ಲಿಸಿ ‘ಏನು ಕೇಳಿದ್ರು, ಏನು ಹೇಳ್ದೆ’ ಎನ್ನದೆ, ಬಿಸಿಯಾಗಿ ಊಟಕ್ಕಿಟ್ಟು ಸುಮ್ಮನೆ ಪಕ್ಕದಲ್ಲಿ ಕೂತರೆ ಸಾಕು.

– ಕ್ಲಿನಿಕಲ್ ಸೈಕಾಲಜಿಸ್ಟರು, ಬಸವನಗುಡಿ, ಬೆಂಗಳೂರು